ಸುಣ್ಣನ ಕಿವಿ

ಮಿಲ್ಡೂರಾದಲ್ಲಿ ಜನವರಿ ಎಂದರೆ
ನೆಲವೇ ಕಾವಲಿ.
ಹನ್ನೊಂದಕ್ಕೇ ನಲವತ್ತು ಡಿಗ್ರಿ,
ದ್ರಾಕ್ಷಿ ತೋಟದ ಟ್ರ್ಯಾಕ್ಟರುಗಳೂ ನೆರಳು ಹುಡುಕಿ ನಿಂತಿವೆ.
ನನ್ನ ಬೆಕ್ಕು ಮಾತ್ರ ತಗಡಿನ ಮೇಲೆ
ಹಪ್ಪಳದ ಹಾಗೆ ಒಣಗುತ್ತ ಬಿದ್ದಿದೆ.

ನನ್ನದೂ ಅಲ್ಲ, ಹಾಗೆ ನೋಡಿದರೆ.
ಮೊದಲು ಬಾಡಿಗೆಗಿದ್ದವರು ಬಿಟ್ಟು ಹೋದದ್ದು.
ಅಚ್ಚ ಬಿಳಿ. ಸುಣ್ಣ ಎಂದೆ, ತಿರುಗಿ ನೋಡಿತು,
ಅಷ್ಟೇ ನಾಮಕರಣ.

ಕಿವಿಯ ತುದಿಯಲ್ಲಿ ಒಂದು ಹಕ್ಕಳೆ.
ಉದುರಿತು. ಮತ್ತೆ ಕಟ್ಟಿತು. ಮತ್ತೆ ಉದುರಿ ರಕ್ತ.
ಮಾಯದ ಗಾಯ.
ಬೇಲಿಯಾಚೆಯ ಕಾರ್ಮೆಲೊ ಹೇಳಿದ, ಟೀ ಟ್ರೀ ಎಣ್ಣೆ ಹಚ್ಚು.
ನಾನು ಅರಿಸಿನ ಹಚ್ಚಿದೆ.
ಮೂರು ದಿನ ಮನೆಯ ದಿಂಬುಗಳೆಲ್ಲ ಮದುಮಕ್ಕಳು.

ಡಾಕ್ಟರ್ ಪೆಟ್ರೊವಿಚ್‌ಗೆ ತೊಂಬತ್ತು ಡಾಲರು
ಬರೀ ಬಾಗಿಲು ತೆಗೆದದ್ದಕ್ಕೆ.
ಆ ಎಣ್ಣೆ ಹಚ್ಚಿಲ್ಲ ತಾನೆ, ಬೆಕ್ಕಿಗೆ ವಿಷ ಅದು, ಎಂದರು ಮೊದಲು.
ಆಮೇಲೆ ಬೆರಳು ಮಡಿಸತೊಡಗಿದರು:
ಚಿಗಟ ಇರಬಹುದು, ಕೆಲವಕ್ಕೆ ಒಂದು ಕಚ್ಚಿದರೂ ಮೈಯೆಲ್ಲ ನವೆ.
ಕಿವಿಯ ಹುಳ ಇರಬಹುದು. ನದಿ ಹತ್ತಿರವಲ್ಲವೆ, ಸೊಳ್ಳೆ.
ರಾತ್ರಿ ಜಗಳಕ್ಕೆ ಹೋಗುತ್ತದೆಯೆ?
ಹಲ್ಲು ನೆಟ್ಟಲ್ಲಿ ಮೇಲೆ ಮಾಯುತ್ತದೆ, ಒಳಗೆ ಕೀವು.
ದಿನಾ ತಿನ್ನುವ ಕೋಳಿಯೇ ಒಗ್ಗದಿರಬಹುದು.
ಮನೆಯಲ್ಲಿ ಜನ ಬದಲಾದರೆ? ಕೊರಗಿಗೂ
ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತವೆ.
ಹುಳುಕಡ್ಡಿ ಇರಬಹುದು, ಮನುಷ್ಯರಿಗೂ ದಾಟುತ್ತದೆ,
ಎಲ್ಲಿ, ನಿಮ್ಮ ತೋಳು ತೋರಿಸಿ.

ಆ ಸೆಕೆಯಲ್ಲಿ ತುಂಬುತೋಳಿನ ಅಂಗಿ ತೊಟ್ಟವಳು ನಾನೊಬ್ಬಳೇ.
ಮಡಿಸಿದೆ.
ಮೊಣಕೈಯಿಂದ ಮುಂಗೈವರೆಗೆ ಚೆಲ್ಲಿದ ಹಾಲು.

ಟಾರ್ಚು ಹಿಡಿದು ನೋಡಿದರು,
ಬೆಕ್ಕಿನ ಕಿವಿ ನೋಡಿದಷ್ಟೇ ಹತ್ತಿರದಿಂದ.
ಇದು ಬೆಕ್ಕಿಂದ ಬಂದದ್ದಲ್ಲ, ಎಂದರು.
ಅಷ್ಟೇ ಎಂದರು.

ನನಗೂ ಒಂದು ಪಟ್ಟಿಯಿತ್ತು, ಡಾಕ್ಟರೆ.
ಹನ್ನೊಂದನೇ ವಯಸ್ಸಿಗೆ, ತುಟಿಯಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು.
ಮೀನು ತಿಂದು ಹಾಲು ಕುಡಿದಳು.
ಅಜ್ಜ ಹುತ್ತ ಅಗೆಸಿದ.
ಬಸುರಿಯಾಗಿ ಅವ್ವ ಗ್ರಹಣ ನೋಡಿದಳು.
ನಾಗವೇಣಿ ಎಂದು ಹೆಸರಿಟ್ಟರೂ ನಾಗಪ್ಪನ ಸಿಟ್ಟು ಇಳಿಯಲಿಲ್ಲ.
ಆ ಪಟ್ಟಿಯಲ್ಲಿ ಎಲ್ಲೂ ‘ಇರಬಹುದು’ ಇರಲಿಲ್ಲ,
ಪ್ರತಿ ಸಾಲಿಗೂ ಒಬ್ಬ ಅಪರಾಧಿ.
ದೊಡ್ಡಪ್ಪ ಬಾವಂಚಿ ಎಣ್ಣೆ ಬಳಿದು ಅಂಗಳದಲ್ಲಿ ನಿಲ್ಲಿಸಿ
ಆರೋಗ್ಯಂ ಭಾಸ್ಕರಾದಿಚ್ಛೇತ್ ಅನ್ನುತ್ತಿದ್ದ.
ಬೊಬ್ಬೆ ಎದ್ದವು.
ಎದ್ದದ್ದು ನೋಡಿ, ಗುಣ ಕಾಣಿಸ್ತಿದೆ ಅಂದ.

ವಾರದ ಮೇಲೆ ಫೋನು.
ಚೂರು ಕತ್ತರಿಸಿ ಮೆಲ್ಬರ್ನಿಗೆ ಕಳಿಸಿದ್ದರು.
ಚಿಗಟವಲ್ಲ, ಜಗಳವಲ್ಲ, ಕೊರಗೂ ಅಲ್ಲ.
ಬಿಸಿಲು.
ಬಣ್ಣವಿಲ್ಲದ ಕಡೆ ಅದು ಕೇಳದೆ ಒಳಗೆ ಬರುತ್ತದೆ.
ಕ್ಯಾನ್ಸರು, ಆದರೆ ಶುರುವಿನಲ್ಲೇ ಸಿಕ್ಕಿದೆ, ತುದಿ ತೆಗೆದರೆ ಸಾಕಾದೀತು.
ಯಾರ ತಪ್ಪು, ಎಂದು ಕೇಳಿದೆ, ಅಭ್ಯಾಸ.
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
ಬೆಕ್ಕುಗಳಿಗೆ ಬಿಸಿಲು ಇಷ್ಟ, ಎಂದರು.

ಈಗ ಸುಣ್ಣನ ಕಿವಿ ಮೊಂಡು,
ಕರಡಿಮರಿಯ ಹಾಗೆ ದುಂಡಗೆ.
ಹತ್ತರಿಂದ ಐದು ನಾವಿಬ್ಬರೂ ಒಳಗೆ, ಕಿಟಕಿಗೆ ಹಳೆಯ ಇಳಕಲ್ ಸೀರೆ.
ಆದರೂ ಒಂದು ಗೆರೆ ತೂರಿಬಂದು ನೆಲದ ಮೇಲೆ ಜರುಗುತ್ತದೆ,
ಅವನು ಅದರ ಹಿಂದೆ,
ನಾನು ಸೀರೆ ಎಳೆಯುತ್ತ ಅವನ ಹಿಂದೆ.

ನಿನ್ನೆ ಹೊತ್ತು ಮುಳುಗಿದ ಮೇಲೆ ಬಟ್ಟೆ ಹರವಲು ಹೋದೆ
ಅರೆತೋಳಿನ ಅಂಗಿಯಲ್ಲಿ.
ಕಾರ್ಮೆಲೊ ನೋಡಿದ.
ಬೆಕ್ಕಿಂದ ಬಂದದ್ದಲ್ಲ, ಎಂದೆ.
ಅವನು ಕೇಳಿಯೇ ಇರಲಿಲ್ಲ,
ಬೇಲಿಯ ಮೇಲಿಂದ ಒಂದು ಬುಟ್ಟಿ ದ್ರಾಕ್ಷಿ ದಾಟಿಸುತ್ತಿದ್ದ.